ಆಂಜಿನಪ್ಪನ ಸಣ್ಣ ದನಿ

"ಅಂಗಲ್ಲ ಕಣ್ಲಾ, ಕಾಲು ಕಡೆಯಿಂದ ತಿರುಗ್ಸು!" ಸೋದರಮಾವ ದೊಡ್ಡವೆಂಕಟಪ್ಪ ಹೊರಗಿನಿಂದ ಕೂಗಿದ.

ಅಪ್ಪನ ಹೆಗಲಡಿ ಕೈಹಾಕಿ ಎತ್ತಿದ್ದ ಸೀನಪ್ಪ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ. ಉರಿಗಾಂನ ಕೂಲಿ ಲೈನಿನ ಆ ಬಾಗಿಲು ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟೇ. ಮುಂದೆ ಹೋಗುವಂತಿಲ್ಲ, ಹಿಂದೆ ಸರಿಯುವಂತಿಲ್ಲ. ಅಪ್ಪನ ತಲೆ ಅವನ ಎದೆಗೆ ಒರಗಿತ್ತು. ಮೈಯಲ್ಲಿ ಭಾರವೇ ಇರಲಿಲ್ಲ. ಚಿನ್ನದ ಗಣಿಯ ದೂಳು ಎದೆಗೂಡನ್ನು ತಿಂದು ಮುಗಿಸಿದ ಮೇಲೆ ಆಂಜಿನಪ್ಪನಲ್ಲಿ ಉಳಿದದ್ದು ಮೂಳೆ ಮತ್ತು ಕೆಮ್ಮು. ಬೆಳಿಗ್ಗೆ ಕೆಮ್ಮೂ ನಿಂತಿತ್ತು.

ಹೇಗೋ ಓರೆಮಾಡಿ ಹೊರಗೆ ತಂದು ಚಟ್ಟದ ಮೇಲೆ ಮಲಗಿಸಿದರು. ಸೀನಪ್ಪ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮಾವ ಅವನನ್ನು ಪಕ್ಕಕ್ಕೆ ಕರೆದ.

"ಅಪ್ಪನ ಜಾಗಕ್ಕೆ ನೀನು ಸೇರ್ಕೊ. ಇಲ್ದಿದ್ರೆ ಕಂಪ್ನಿಯೋರು ಮನೆ ಬಿಡ್ಸ್ತಾರೆ. ನಮ್ಮ ಕದಿರಮ್ಮ ಎಲ್ಲಿಗೆ ಓಗ್ಬೇಕು?"

"ಬಂಗಾರಪೇಟೆನಾಗೆ ನಂಗೆ ಕೆಲ್ಸ ಐತಲ್ಲ ಮಾವ."

"ಸೈಕಲ್ ಅಂಗ್ಡಿನಾಗೆ ಪಂಚರ್ ಆಕೋದು, ಮದ್ವೆ ಮನೆಗಳ್ನಾಗೆ ಕೂಗೋದು, ಅದೂ ಒಂದು ಕೆಲ್ಸವೇನ್ಲಾ?"

ಸೀನಪ್ಪ ಅವ್ವನ ಕಡೆ ನೋಡಿದ. ಕದಿರಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಾತು ಕಿವಿಗೆ ಬಿದ್ದಿತ್ತು, ಮುಖ ಎತ್ತಲಿಲ್ಲ.

* * *

ಇಸವಿ ಐವತ್ತೊಂದರಲ್ಲೋ ಐವತ್ತೆರಡರಲ್ಲೋ, ಆಫೀಸರುಗಳ ಕ್ಲಬ್ಬಿನಲ್ಲಿ ಗ್ರಾಮಾಫೋನು ಹಾಕುತ್ತಿದ್ದ ಸಂಜೆಗಳಲ್ಲಿ ಆಂಜಿನಪ್ಪ ಪಾಳಿ ಮುಗಿಸಿ ಕಾಂಪೌಂಡಿನಾಚೆ ನಿಲ್ಲುತ್ತಿದ್ದ. ಅದೊಂದು ಇಂಗ್ಲಿಷ್ ಹಾಡು. ಗಂಡಸಿನ ಗಂಟಲು ನೆಲದ ಮೇಲೆ ನಡೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ಹೆಂಗಸಿನ ಎತ್ತರಕ್ಕೆ ಹಾರಿ, ಅಲ್ಲೇ ನಡುಗುತ್ತ ನಿಂತುಬಿಡುತ್ತಿತ್ತು. ಪದ ಒಂದೂ ತಿಳಿಯದೆ ಆಂಜಿನಪ್ಪ ಅದನ್ನು ಕಲಿತ. ಬಾಯಿಗೆ ಬಂದ ಕನ್ನಡ, ತೆಲುಗು, ತಮಿಳು ತುಂಬಿದ; ಎತ್ತರದ ಜಾಗ ಮಾತ್ರ ಇದ್ದ ಹಾಗೇ ಉಳಿಸಿಕೊಂಡ.

"ಏನಂತಾನಪ್ಪಾ ಅವ್ನು?" ಎಂದು ಸೀನಪ್ಪ ಒಮ್ಮೆ ಆ ಹಾಡುಗಾರನ ಬಗ್ಗೆ ಕೇಳಿದ್ದ.

"ಎಲ್ಲೋ ಸಿಕ್ಕಾಕೊಂಡವ್ನೆ ಮಗಾ. ಮೇಲಿರೋರ್ನ ಕರೀತವ್ನೆ."

ಗಣಿಗೆ ಇಳಿಸುವ ಕಬ್ಬಿಣದ ಪಂಜರದಲ್ಲಿ ಮೈಗೆ ಮೈ ಒತ್ತಿ ನಿಂತ ಗಂಡಸರು ಕತ್ತಲಲ್ಲಿ ಆಂಜಿನಪ್ಪನಿಂದ ಅದನ್ನೇ ಹಾಡಿಸಿ ಕೇಳುತ್ತಿದ್ದರು. ಲೈನಿನ ಮುದುಕಿಯರು ರಾಗಿ ಬೀಸುತ್ತ ಗುನುಗಿದರು. ಹಾಡು ಬಂದಾಗ ಹುಟ್ಟೇ ಇರದಿದ್ದ ಮಕ್ಕಳೂ ಈಗ ಕುಂಟೆಬಿಲ್ಲೆ ಆಡುತ್ತ ಆ ಎತ್ತರಕ್ಕೆ ಕಿರುಚಿ ನಗುತ್ತಿದ್ದವು.

ಹೋದ ವರ್ಷ ಆಂಡರ್ಸನ್‌ಪೇಟೆಯ ಮದುವೆಯೊಂದರಲ್ಲಿ ವರನ ಅಜ್ಜಿಯೇ ಪಟ್ಟುಹಿಡಿದಳು. ಆಂಜಿನಪ್ಪ ಎದ್ದು ನಿಂತು ಶುರುಮಾಡಿದ. ಆ ಜಾಗ ಬಂತು. ಬಾಯಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು, ಬರೀ ಗಾಳಿ ಹೊರಟಿತು. ಹಿಂದೆ ಕೂತಿದ್ದ ಸೀನಪ್ಪ ತಡೆಯಲಾರದೆ ದನಿ ಎತ್ತಿ ಅಪ್ಪ ಬಿಟ್ಟಲ್ಲಿಂದ ಹಿಡಿದ. ಅಪ್ಪ ತಿರುಗಿ ನೋಡಲಿಲ್ಲ. ಮನೆಗೆ ಬರುವಾಗ ಮೂರು ಕಡೆ ನಿಂತು ಉಸಿರು ತಗೊಂಡ. ಕೊನೆಗೆ, "ದನಿ ನಿಂಗೆ ದಾಟ್ಕೊಂತು, ಬಿಡು," ಎಂದು ನಕ್ಕ.

* * *

ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದಿದ್ದ ಸೈನೈಡ್ ದಿಬ್ಬದ ಆಚೆಗಿನ ಮಸಣದಲ್ಲಿ ಎಲ್ಲರೂ ಹಿಡಿಮಣ್ಣು ಹಾಕಿ ಮುಗಿಸಿದರು. ಅಪ್ಪನ ಜೊತೆ ಗಣಿಗಿಳಿಯುತ್ತಿದ್ದ ಪೆರುಮಾಳ್ ಮಾತ್ರ ಕದಲಲಿಲ್ಲ.

"ತಂಬಿ, ಆ ಪಾಟ್ಟು ಒಂದ್ಸಲ ಪಾಡಿಬಿಡಪ್ಪಾ. ಅವನ್ಗೆ ಕೇಳ್ಸ್ಲಿ."

"ಮಸಣದಾಗೆ ಎಂಥ ಆಡಯ್ಯಾ?" ಎಂದ ದೊಡ್ಡವೆಂಕಟಪ್ಪ.

ಸೀನಪ್ಪ ಹಾಡಿದ. ಎತ್ತರದ ಜಾಗದಲ್ಲಿ ದನಿ ಬಿರುಕಿಲ್ಲದೆ ಹೊರಟು ಬೂದು ದಿಬ್ಬವನ್ನು ದಾಟಿತು. ಎದೆ ಸೋತ ಮುದುಕರು ಬಾಯಿ ಅರ್ಧ ತೆರೆದು ನಿಂತರು. ದನಿ ಯಾರಿಗೂ ಹೊರಡಲಿಲ್ಲ. ಸೀನಪ್ಪ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಇವರೂ ಒಂದು ಕಾಲಕ್ಕೆ ಹಾಡುತ್ತಿದ್ದವರೇ.

ದಾರಿಯಲ್ಲಿ ಮಾವ ಮತ್ತೆ ಬಾಯಿ ತೆಗೆಯುವ ಮೊದಲೇ ಸೀನಪ್ಪ ಹೇಳಿದ: "ಸೇರ್ಕೊಂತೀನಿ ಮಾವ. ಅವ್ವಂಗೆ ಮನೆ ಉಳೀಲಿ. ನಾಳೆನೇ ಕಂಪ್ನಿಗೆ ಓಗಿ ಏಳ್ತೀನಿ."

"ಇವಾಗ ಮಗ ಅನ್ನಿಸ್ಕೊಂಡೆ."

ಪೆರುಮಾಳ್ ಏನೋ ಹೇಳಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವಷ್ಟರಲ್ಲಿ ಲೈನು ಬಂದಿತ್ತು.

ಮನೆ ಮುಂದೆ ಪಾತ್ರೆ, ಚಾಪೆ, ಟ್ರಂಕು ಬಿದ್ದಿದ್ದವು. ಸಾವಿನ ಮನೆ ತೊಳೆಯಲು ಅವ್ವ ಹೊರಗಿಟ್ಟಿದ್ದಾಳೆ ಎಂದುಕೊಂಡು ಸೀನಪ್ಪ ಬಗ್ಗಿ ಒಳಗೆ ಇಣುಕಿದ. ಮದುವೆಯಾಗಿ ಬಂದ ವರ್ಷ ಕದಿರಮ್ಮ ನೆಲದಲ್ಲಿ ಹೂಳಿಸಿದ್ದ ಒರಳುಕಲ್ಲು ಜಾಗದಲ್ಲಿರಲಿಲ್ಲ. ಅವಳು ಅದನ್ನು ಹಾರೆ ಹಾಕಿ ಕಿತ್ತು, ಬಾಗಿಲ ತನಕ ಉರುಳಿಸಿಕೊಂಡು ಬಂದಿದ್ದಳು. ಮೊಣಕೈವರೆಗೂ ಕೆಸರು.

"ಏನವ್ವಾ ಇದು? ನಾನು ಸೇರ್ಕೊಂತೀನಂತ ಮಾವಂಗೆ..."

"ರಾತ್ರಿಯೆಲ್ಲಾ ನಿಮ್ಮಪ್ಪನ ಉಸ್ರು ಎಣಿಸ್ಕೊಂಡೇ ಮಲಗ್ದೋಳು ನಾನು," ಎಂದಳು ಕದಿರಮ್ಮ. "ಇನ್ನೊಬ್ಬನ್ದು ಎಣಿಸೋಕೆ ಆಗಾಕಿಲ್ಲ. ಬಂಗಾರಪೇಟೆನಾಗೆ ಒಂದು ರೂಮು ನೋಡು."

"ಲೇ ಕದಿರಿ, ತಲೆಗಿಲೆ ಕೆಟ್ಟೈತಾ?" ಎಂದ ದೊಡ್ಡವೆಂಕಟಪ್ಪ.

"ಇಡ್ಕೊಳ್ಲಾ ಆ ಕಡೆ," ಎಂದು ಮಗನಿಗೆ ಹೇಳಿ ಕದಿರಮ್ಮ ಕಲ್ಲಿಗೆ ಭುಜ ಕೊಟ್ಟಳು. ಅವಳ ಹಿಂದೆ, ನೆಲದ ನಡುವೆ ಒರಳಿದ್ದ ಕಡೆ, ಹಸಿ ಮಣ್ಣಿನ ಗುಂಡಿಯೊಂದು ಬಾಯಿ ತೆರೆದುಕೊಂಡಿತ್ತು.