ಫ್ರಿಜ್ಜಿನಲ್ಲಿಟ್ಟ ಸ್ಯಾಂಪಲ್

ಆಹಾರ ತಪಾಸಣೆ ಇಲಾಖೆಯಲ್ಲಿ ಅವನಿಗೆ ಸೀಲ್ ಸಾಹೇಬ ಅಂತಲೇ ಹೆಸರು. ದಿನಕ್ಕೊಂದು ಕಡೆಯಾದರೂ ಅರಗು ಸುರಿದು ಮುದ್ರೆ ಒತ್ತದಿದ್ದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೆಂಪ್ ಅಂದರೆ ಗಾಂಜಾದ ದಾಯಾದಿ ಗಿಡ. ಅದರ ಎಣ್ಣೆ, ಸಾಬೂನು, ಮಿಠಾಯಿ ಮಾರಬಹುದು, ಮತ್ತೇರಿಸುವ ಅಂಶ ಮಾತ್ರ ಮಿತಿ ಮೀರಬಾರದು ಅಂತ ಸರ್ಕಾರ ಹೊಸ ನಿಯಮ ತಂದಿತ್ತು. ಹೋದ ವಾರ ಅವನು ಮೂಲೆಯಂಗಡಿಯಿಂದ ಹೆಂಪ್ ಜೆಲ್ಲಿಯ ಬಾಟಲಿಯೊಂದನ್ನು ಸ್ಯಾಂಪಲ್ ಅಂತ ಎತ್ತಿಕೊಂಡು, ಅದಕ್ಕೆ ಸೀಲ್ ಒತ್ತಿ, ಅಂಗಡಿಗೂ ಬೀಗ ಜಡಿದು ಬಂದಿದ್ದ.

"ಇದೊಂದೇ ನನ್ನ ಹೊಟ್ಟೆಪಾಡು ಸಾರ್" ಅಂದಿದ್ದಳು ಅಂಗಡಿಯಾಕೆ.

"ಮೊದ್ಲು ಪರೀಕ್ಷೆ ಆಗ್ಲಿ" ಅಂದಿದ್ದ.

ಕಚೇರಿಯ ಫ್ರಿಜ್ ಕೆಟ್ಟಿತ್ತು. ಬಾಟಲಿಯನ್ನು ಮನೆಯ ಫ್ರಿಜ್ಜಿನಲ್ಲಿಟ್ಟ. ಎಡವಟ್ಟಾದದ್ದು ಅಲ್ಲೇ. ಅಂಗಡಿಯಾಕೆಯ ವಿಚಾರಣೆಯ ದಿನ ಬೆಳಿಗ್ಗೆ ತೆಗೆದು ನೋಡಿದರೆ ಅರಗು ಚೂರುಚೂರು, ಬಾಟಲಿ ಖಾಲಿ.

"ಅಮ್ಮಾ, ಇದನ್ನ ಯಾರು ತಿಂದಿದ್ದು?"

"ನಾನೇ ಕಣೋ, ದಿನಾ ಒಂದೆರಡು. ನನ್ನ ಫ್ರಿಜ್ಜಲ್ಲಿ ನನಗೇ ಸೀಲಾ?"

ಸ್ಯಾಂಪಲ್ ಕಳೆದವನ ನೌಕರಿ ಉಳಿಯುವುದುಂಟೇ? ಎದುರಿನ ಬೇಕರಿಗೆ ಓಡಿ, ಮಕ್ಕಳು ಚೀಪುವ ಜೆಲ್ಲಿ ತಂದು ತುಂಬಿಸಿ, ಹೊಸ ಅರಗು ಸುರಿದು, ಚೀಟಿ ಅಂಟಿಸಿ ಸಹಿ ಹಾಕಿದ. ಎಲ್ಲವನ್ನೂ ಬಾಗಿಲಲ್ಲಿ ನಿಂತು ನೋಡಿದ ಅಮ್ಮ "ನಾನೂ ಬರ್ತೀನಿ" ಅಂತ ಚಪ್ಪಲಿ ಮೆಟ್ಟಿದರು.

ವಿಚಾರಣೆಯ ಕೋಣೆಯಲ್ಲಿ ಮೇಲಧಿಕಾರಿ ಮೇಡಂ ಕನ್ನಡಕ ಏರಿಸಿ ಬಾಟಲಿಯನ್ನು ತಿರುಗಿಸಿ ನೋಡಿದರು.

"ಅಂಗಡಿಯಿಂದ ತಂದಿದ್ದು ಹೋದ ವಾರ. ಚೀಟಿ ಮೇಲೆ ಇವತ್ತಿನ ತಾರೀಖಿದೆಯಲ್ಲ?"

ಸೀಲ್ ಒತ್ತಿದ ದಿನದ ತಾರೀಖನ್ನೇ ಬರೆಯುವುದು ಅವನ ನಿಷ್ಠೆ. ಕಳ್ಳ ಕೆಲಸದಲ್ಲೂ ಪಾಪ, ಕೈ ನಿಯಮ ಮೀರಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹಾಗಾದ್ರೆ ನಿಜವಾದ ಸ್ಯಾಂಪಲ್ ಎಲ್ಲಿ?"

"ಇಲ್ಲೇ ಕೂತಿದೀನಮ್ಮ" ಅಂದರು ಹಿಂದಿನ ಬೆಂಚಿನಿಂದ ಅಮ್ಮ. "ವಾರವೆಲ್ಲಾ ತಿಂದೆ. ಅಮಲು ಏರಲಿಲ್ಲ, ಮಂಡಿನೋವೂ ಇಳೀಲಿಲ್ಲ."

ಮೊದಲ ಮಾತಿಗೆ ಅರಳಿದ ಅಂಗಡಿಯಾಕೆಯ ಮುಖ ಎರಡನೆಯದಕ್ಕೆ ಸಪ್ಪಗಾಯಿತು. ಮೇಡಂ ನಗು ತಡೆಯಲು ನೀರು ಕುಡಿದರು. ಹೊಸ ಸ್ಯಾಂಪಲ್ಲನ್ನು ತಾವೇ ತರುವುದಾಗಿಯೂ, ಅಲ್ಲಿಯವರೆಗೆ ಅಂಗಡಿ ತೆರೆದು ಸಾಬೂನು ಮಾರಬಹುದೆಂದೂ ಹೇಳಿ, ಅವನತ್ತ ಕೈ ಚಾಚಿದರು. ಅವನು ಜೇಬಿನಿಂದ ಮುದ್ರೆ ತೆಗೆದುಕೊಟ್ಟ. ಕಣ್ಣು ತುಂಬಿ ಬಂತು.

ಮನೆಯ ಗೇಟು ತೆಗೆಯುತ್ತಾ ಅಮ್ಮ ಅವನ ಬೆನ್ನು ಸವರಿದರು.

"ಮುದ್ರೆ ಹೋದ್ರೆ ಹೋಗ್ಲಿ ಬಿಡು. ಇನ್ಮೇಲೆ ಫ್ರಿಜ್ ಪೂರ್ತಿ ನಂದೇ ತಾನೆ?"