ನಾಲ್ಕು ಇಂಚು ಆಕಾಶ

ಚಿತ್ರದ ಮೇಲ್ಭಾಗದಲ್ಲಿ ನಾಲ್ಕು ಇಂಚು ಆಕಾಶ ಇರಲಿಲ್ಲ. ದರ್ಬೆಯ ಫ್ರೇಮ್ ಅಂಗಡಿಯೊಳಗೇ, ಚಿತ್ರಕ್ಕೆ ಸುತ್ತಿದ್ದ ಪೇಪರನ್ನು ರಾಹೇಲ್ ಹರಿದು ನೋಡಿದಳು. ಗಾಜು ಫಳಫಳ ಹೊಳೆಯುತ್ತಿತ್ತು, ಚಿನ್ನದ ಬಣ್ಣದ ಚೌಕಟ್ಟೂ ಚಂದವೇ. ಕರಿಮೋಡ ಮಾತ್ರ ಇಲ್ಲ. ಉಳಿದದ್ದು ಕೆಳಗಿನ ರಬ್ಬರ್ ಗುಡ್ಡ, ಅದರ ಅಂಚಿಗೆ ಒಂದಿಷ್ಟು ಹಳದಿ ಬೆಳಕು. ಯಾರು ನೋಡಿದರೂ ಒಳ್ಳೆಯ ದಿನದ ಬೆಳಗು ಎನ್ನಬೇಕು, ಹಾಗಿತ್ತು.

“ಕಾಕ, ಮೇಲಿನ ಮೋಡ ಎಲ್ಲಿ?”

ಅಂಗಡಿಯ ಮೂಸಕುಂಞಿ ಸುತ್ತಿಗೆ ಕೆಳಗಿಟ್ಟರು. ಮೂವತ್ತು ವರ್ಷದಿಂದ ಪುತ್ತೂರಿನ ಅರ್ಧ ಊರಿನ ಮದುವೆ ಫೋಟೋಗಳಿಗೆ ಚೌಕಟ್ಟು ಹಾಕಿದ ಮನುಷ್ಯ, ತಪ್ಪು ಮಾಡಿದ್ದೇನೆಂಬ ಅನುಮಾನ ಕೂಡ ಮುಖದಲ್ಲಿರಲಿಲ್ಲ. “ರೆಡಿ ಫ್ರೇಮಿಗೆ ಕೂರ್ಬೇಕಲ್ಲ ಅಕ್ಕ. ಮೇಲೆ ಎಂತ ಇತ್ತು, ಬರೀ ಕಪ್ಪು. ಗುಡ್ಡ ಕತ್ತರಿಸ್ಲಿಕ್ಕೆ ಆಗ್ತದಾ? ಈಗ ನೋಡಿ, ಎಷ್ಟು ಲಾಯ್ಕ ಉಂಟು.”

ಎಂಥಾ ಉಪಕಾರ. ರಾಹೇಲಳ ಕಿವಿ ಬಿಸಿಯಾಯಿತು. ಗಂಡ ಜೋಸನಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. “ಕಾಕ ಹೇಳುದು ಸರಿಯೇ. ಈಗ ಚಿತ್ರಕ್ಕೆ ಸ್ವಲ್ಪ ನಗು ಬಂತು. ಹತ್ತಕ್ಕೆ ಚಿತ್ರ ಪ್ರದರ್ಶನದ ಉದ್ಘಾಟನೆ, ಬಾ,” ಎಂದ.

ಕಡಬದ ಆಚೆಯ ಆ ಗುಡ್ಡದಲ್ಲಿ ರಾಹೇಲ್ ಹದಿನೆಂಟು ವರ್ಷ ರಬ್ಬರ್ ಟ್ಯಾಪಿಂಗ್ ಮಾಡಿದವಳು. ಎದ್ದ ಕೂಡಲೇ ನೋಡುವುದು ಆಕಾಶವನ್ನು. ಮರ ಒದ್ದೆಯಾದರೆ ತೊಗಟೆ ಕೆತ್ತುವಂತಿಲ್ಲ, ಆ ದಿನದ ರಬ್ಬರ್ ಹಾಲು ಹೋಯಿತು. ಗಂಡನ ಮುಖಕ್ಕಿಂತ ಮೋಡದ ಮುಖ ಅವಳಿಗೆ ಹೆಚ್ಚು ಪರಿಚಯ. ಮಂಡಿ ಕೈಕೊಟ್ಟ ಮೇಲೆ ಟ್ಯಾಪಿಂಗ್ ಕತ್ತಿ ಕೆಳಗಿಟ್ಟು, ಡ್ರಾಯಿಂಗ್ ಮಾಸ್ತರ್ ಕೀರ್ತನ್ ಹತ್ತಿರ ಬ್ರಷ್ ಹಿಡಿಯಲು ಕಲಿತಳು. ಮಾಸ್ತರರು ಹೂವು, ಹಣ್ಣು, ಹಂಚಿನ ಮನೆ ಎಲ್ಲ ಹೇಳಿಕೊಟ್ಟರು. ಇವಳು ಬಿಡಿಸಿದ್ದು ಆಕಾಶ.

ಈ ಆಕಾಶ ಹೋದ ವರ್ಷ ಮೇ ತಿಂಗಳಲ್ಲಿ ಅಮ್ಮನನ್ನು ಮಣ್ಣು ಮಾಡಿದ ದಿನದ್ದು. ಅವತ್ತು ಬೆಳಗಿನಿಂದ ಮೋಡ ಒಟ್ಟಾಗಿ ಒಟ್ಟಾಗಿ ಗುಡ್ಡದ ತಲೆಯ ಮೇಲೆ ಕೂತಿತ್ತು. ಕತ್ತಲಾಗುವವರೆಗೂ ಒಂದು ಹನಿ ಬೀಳಲಿಲ್ಲ. ರಾಹೇಲಳೂ ಅಳಲಿಲ್ಲ. ಅಳು ಬರಲಿಲ್ಲ, ಅಷ್ಟೇ. ಎದೆ ಒಡೆದುಹೋಗುವಷ್ಟು ತುಂಬಿತ್ತು. ಶವಪೆಟ್ಟಿಗೆಯ ಹತ್ತಿರ ಅವಳು ಒಣಕಣ್ಣಿನಲ್ಲಿ ನಿಂತದ್ದನ್ನು ಇಡೀ ಇಗರ್ಜಿ ನೋಡಿತು. ನಲವತ್ತೊಂದನೇ ದಿನದ ಊಟದಲ್ಲಿ ತಮ್ಮ ಜಿಜೋ ಎಲ್ಲರ ಮುಂದೆ ಹೇಳಿಯೂ ಬಿಟ್ಟ, ಚೇಚಿಯದ್ದು, ತನ್ನ ಅಕ್ಕನದ್ದು, ಕಲ್ಲಿನ ಎದೆ ಎಂದು. ಅವಳು ಬಡಿಸುತ್ತಿದ್ದಳು, ಬಡಿಸುತ್ತಲೇ ಇದ್ದಳು. ಆಮೇಲೆ ನಾಲ್ಕು ತಿಂಗಳು ಕೂತು ಆ ಕಪ್ಪನ್ನು ಬಿಡಿಸಿದಳು.

“ಕತ್ತರಿಸಿದ ತುಂಡು ಕೊಡಿ,” ಎಂದಳು.

ಮೂಸಕುಂಞಿ ಮೇಜಿನಡಿ ಬಗ್ಗಿ ಹುಡುಕಿ, ಮರದ ಹೊಟ್ಟು ಅಂಟಿದ್ದ ಪಟ್ಟಿಯನ್ನು ಲುಂಗಿಗೆ ಒರೆಸಿ ಕೊಟ್ಟರು.

“ಫ್ರೇಮ್ ಬಿಚ್ಚಿ. ಒಂದು ರಟ್ಟಿಗೆ ಎರಡನ್ನೂ ಸೇರಿಸಿ ಅಂಟಿಸಿ.”

“ಗೆರೆ ಕಾಣ್ತದೆ ಅಕ್ಕ.”

“ಕಾಣ್ಲಿ.”

ಪ್ರದರ್ಶನದ ಹಾಲ್‌ನಲ್ಲಿ ಕೀರ್ತನ್ ಮಾಸ್ತರರು ಚಿತ್ರ ನೋಡಿ ತಲೆ ಕೆರೆದುಕೊಂಡರು. ಸುತ್ತ ಮೂವತ್ತು ಚಿತ್ರಗಳು ಗಾಜು, ಚೌಕಟ್ಟು ಹಾಕಿಕೊಂಡು ಗೋಡೆಯಲ್ಲಿದ್ದವು. “ಎಂತದು ರಾಹೇಲಕ್ಕ ಇದು? ಜನ ನಗಾಡ್ತಾರೆ. ಆ ಗೆರೆಗಾದ್ರೂ ಸ್ವಲ್ಪ ಬಣ್ಣ ತಾಗಿಸಿ. ಇಲ್ಲದಿದ್ರೆ ಇದು ಬೇಡ, ಬೇರೆ ಉಂಟಲ್ಲ ನಿಮ್ಮದು.”

“ಬಣ್ಣ ತಾಗಿಸುದಿಲ್ಲ. ಬೇರೆಯದನ್ನೂ ಕೊಡುದಿಲ್ಲ. ನೀವು ಗೋಡೆಗೆ ಹಾಕದಿದ್ರೆ ಸಂಜೆವರೆಗೆ ನಾನೇ ಹಿಡ್ಕೊಂಡು ನಿಲ್ತೇನೆ.”

ಅವಳು ನಿಂತೇಬಿಡುವ ಪೈಕಿ ಎಂದು ಮಾಸ್ತರರಿಗೆ ಗೊತ್ತಿತ್ತು. ಸ್ವಿಚ್‌ಬೋರ್ಡಿನ ಪಕ್ಕ ಒಂದು ಮೊಳೆ ಖಾಲಿ ಇತ್ತು. ಚಿತ್ರದ ಹೆಸರೇನೆಂದು ಕೇಳಿದರು. ರಾಹೇಲ್ ಅಮ್ಮನನ್ನು ಮಣ್ಣು ಮಾಡಿದ ತಾರೀಕು ಹೇಳಿದಳು. ಅವರು ಅದನ್ನೇ ಚೀಟಿಯಲ್ಲಿ ಬರೆದು ಅಂಟಿಸಿದರು.

ಜನ ಬಂದರು, ಹೋದರು. ಕೆಲವರು ಗೆರೆಯ ಮೇಲೆ ಬೆರಳಾಡಿಸಿ ನೋಡಿದರು, ಇಬ್ಬರು ನಕ್ಕರು. ರಾಹೇಲ್ ಕುರ್ಚಿ ಬಿಟ್ಟು ಏಳಲಿಲ್ಲ.

ಮಧ್ಯಾಹ್ನ ಜಿಜೋ ಬಂದ. ಕರೆದವನು ಜೋಸನೇ ಇರಬೇಕು, ಅವಳಂತೂ ಕರೆದಿರಲಿಲ್ಲ. ಒಂದೊಂದೇ ಚಿತ್ರ ನೋಡುತ್ತಾ ಬಂದವನು ಸ್ವಿಚ್‌ಬೋರ್ಡಿನ ಹತ್ತಿರ ನಿಂತ. ತಾರೀಕು ಓದಿದ. ಗುಡ್ಡ ಅವನಿಗೆ ಗೊತ್ತಿದ್ದದ್ದೇ, ಅದರ ಬುಡದಲ್ಲೇ ಆಡಿ ಬೆಳೆದವನು. ಕೆಳಗಿನ ಬೆಳಕಿನಿಂದ ಗೆರೆಯವರೆಗೆ, ಗೆರೆಯಿಂದ ಆ ಕಪ್ಪಿನವರೆಗೆ ಅವನ ತಲೆ ಮೆಲ್ಲಗೆ ಮೇಲೆದ್ದಿತು.

“ಅವತ್ತು ಇಷ್ಟು ಮೋಡ ಇತ್ತಾ ಚೇಚಿ?” ಎಂದು ಮನೆಯ ಮಲಯಾಳದಲ್ಲಿ ಕೇಳಿದ.

“ನೀನು ಮೇಲೆ ನೋಡ್ಲಿಲ್ಲ. ನನ್ನ ಕಣ್ಣನ್ನೇ ನೋಡ್ತಾ ಇದ್ದೆ.”

ಜಿಜೋ ಕನ್ನಡಕ ತೆಗೆದ, ಕಣ್ಣು ತುಂಬಿತ್ತು. ಪ್ಯಾಂಟಿನ ಎರಡೂ ಜೇಬಿಗೆ ಕೈ ಹಾಕಿ ಕರ್ಚೀಫು ಹುಡುಕಿದ, ಸಿಗಲಿಲ್ಲ. ರಾಹೇಲಳ ಕೈಯಲ್ಲಿ ಒಂದಿತ್ತು. ಅವಳು ಕೊಡಲಿಲ್ಲ.