ಒಂದೇ ಗಾಲಿಯ ಮೇಲೆ

೧೯೭೯ರಲ್ಲಿ ಸುಗ್ರಾಬಿ ಲಕ್ಷ್ಮೇಶ್ವರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ಸಂಕ್ರಾಂತಿ ಮುಗಿದ ವಾರ ವಿಜ್ಞಾನದ ಮಾಸ್ತರಿಗೆ ಮುಂಡರಗಿಗೆ ವರ್ಗವಾಯಿತು. ಹೆಡ್‌ಮಾಸ್ತರ ನಿಜಲಿಂಗಪ್ಪನವರು ಭೌತಶಾಸ್ತ್ರದ ಪುಸ್ತಕವನ್ನು ಅವಳ ಕೈಗಿಟ್ಟು, "ಹೊಸಬರು ಬರೂತನಕ ನೀವ ನೋಡ್ಕೋರಿ" ಅಂದರು.

ಪಾಠದಲ್ಲಿ ಶಂಕುವಿನ ಚಿತ್ರಗಳಿದ್ದವು. ಬುಡದ ಮೇಲೆ ಕೂತರೆ ಸ್ಥಿರ ಸಮತೋಲನ, ತುದಿಯ ಮೇಲೆ ನಿಂತರೆ ಅಸ್ಥಿರ ಸಮತೋಲನ. ಸುಗ್ರಾಬಿ ಬಾಯಿಪಾಠ ಮಾಡಿಕೊಂಡು ಹೋಗಿ ಒಪ್ಪಿಸಿದಳು. ಮುಂದಿನ ಸಾಲಿನ ಕಸ್ತೂರೆವ್ವ ಎದ್ದು ನಿಂತಳು.

"ಅಕ್ಕೋರ, ತುದಿ ಮ್ಯಾಲೆ ನಿಂತದ್ದು ಬೀಳತೈತಲ್ರಿ. ಬೀಳೂದಕ್ಕ ಸಮತೋಲನ ಅಂತ ಯಾಕ ಅಂತಾರ್ರಿ?"

"ಸೋಮವಾರ ಹೇಳ್ತೀನಿ" ಅಂದಳು ಸುಗ್ರಾಬಿ. ಅವಳಿಗೂ ಅದೇ ತಿಳಿದಿರಲಿಲ್ಲ.

ಅವಳ ತಂದೆ ಯಮನೂರಸಾಬ ಬಾಡಿಗೆಗೆ ಎತ್ತಿನ ಚಕ್ಕಡಿ ಹೊಡೆಯುತ್ತಿದ್ದ. ಶನಿವಾರ ಮಧ್ಯಾಹ್ನ ಅಡರಕಟ್ಟಿಯಿಂದ ಹತ್ತಿ ತರುವುದಿತ್ತು. ಅಲ್ಲಿ ಒಬ್ಬ ವಿದ್ಯಾರ್ಥಿನಿಯ ಮನೆಗೆ ಹೋಗಿದ್ದ ಸುಗ್ರಾಬಿ, ವಾಪಸು ಬರುವಾಗ ಚಕ್ಕಡಿಯ ಹಿಂದೆ ನಡೆದುಕೊಂಡು ಬಂದಳು. ಹತ್ತಿಯನ್ನು ಮನೆಯ ಮಾಳಿಗೆಯಷ್ಟು ಎತ್ತರಕ್ಕೆ ಹೇರಿದ್ದರು. ದಾರಿಯುದ್ದಕ್ಕೂ ಹೇರು ಆ ಕಡೆ ಈ ಕಡೆ ತೂಗಿ, ಮತ್ತೆ ನೆಟ್ಟಗಾಗುತ್ತಿತ್ತು.

ಹಳ್ಳದ ಹತ್ತಿರ ಎಡಗಾಲಿ ದೊಡ್ಡ ತಗ್ಗಿಗೆ ಇಳಿಯಿತು. ಬಲಗಾಲಿ ನೆಲ ಬಿಟ್ಟು ಮೇಲೆದ್ದಿತು. ಬಿತ್ತು ಅಂದುಕೊಂಡು ಸುಗ್ರಾಬಿ ಚೀರಿದಳು. ಬೀಳಲಿಲ್ಲ. ಮರಳಿ ಕೂರಲೂ ಇಲ್ಲ. ಅಷ್ಟೂ ಹೇರು ಒಂದೇ ಗಾಲಿಯ ಮೇಲೆ ಸುಮ್ಮನೆ ನಿಂತಿತು. ಯಮನೂರಸಾಬ ಕೆಳಗೆ ಹಾರಿ, ಹೇರು ಬಿಗಿದ ಬಲಗಡೆಯ ಹಗ್ಗಕ್ಕೆ ಜೋತುಬಿದ್ದ. ಚಕ್ಕಡಿ ಧಪ್ಪೆಂದು ನೆಲಕ್ಕೆ ಕೂತಿತು.

ಸುಗ್ರಾಬಿ ಓಡಿ ಬಂದು ಅಪ್ಪನನ್ನು ಕೇಳಿದಳು. "ಅಬ್ಬಾ, ಅದು ಬೀಳಾಕ ಹತ್ತಿತ್ತೋ, ನಿಂತಿತ್ತೋ?"

"ಎರಡೂ ಅಲ್ಲ ಬೇಟಿ. ಎಡಕ್ಕ ಒಂದ ಬೊಗಸಿ ಹತ್ತಿ ಜಾಸ್ತಿ ಇದ್ದಿದ್ರ ಬೀಳತಿತ್ತು. ಬಲಕ್ಕಿದ್ದಿದ್ರ ತಾನ ಕುಂಡರತಿತ್ತು."

ಅವಳಿಗೆ ಏನೋ ಹೊಳೆದಂತಾಯಿತು. ಮನೆ ಮುಟ್ಟುವುದರೊಳಗೆ ಮತ್ತೆ ಗೋಜಲಾಯಿತು. ದಾರಿಯುದ್ದಕ್ಕೂ ತೂಗಿ ನೆಟ್ಟಗಾದದ್ದೂ ಅದೇ ಚಕ್ಕಡಿ. ಹಾಗಾದರೆ ಅದು ಸ್ಥಿರವೋ ಅಸ್ಥಿರವೋ?

ಸೋಮವಾರ ತರಗತಿಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಹುಡುಗಿಯರು ಉಸಿರು ಹಿಡಿದು ಕೇಳಿದರು. ಕಸ್ತೂರೆವ್ವ ಮತ್ತೆ ಎದ್ದಳು. "ಯಾರೂ ಮುಟ್ಟದಿದ್ರ ಹಂಗ ನಿಂತಿರತಿತ್ತೇನ್ರಿ?"

ಪುಸ್ತಕ ಅದನ್ನೂ ಸಮತೋಲನ ಅನ್ನುತ್ತದೆ, ಹಾಗಾಗಿ ಹೌದು ಅನ್ನಬೇಕು. ಆ ಎತ್ತರದ ಹೇರು ಕಂಡ ಕಣ್ಣು ಇಲ್ಲ ಅನ್ನುತ್ತಿತ್ತು. "ನನಗ ಗೊತ್ತಿಲ್ಲವ್ವಾ" ಅಂದಳು ಸುಗ್ರಾಬಿ. ತರಗತಿಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು.

ಎರಡು ವಾರ ಕಳೆದು ಗದಗಿನಿಂದ ವಿಜ್ಞಾನಕ್ಕೆ ಹೊಸಬರು, ಶೇಖಸಾಬ ಮಾಸ್ತರು ಬಂದರು. ಅದೇ ಪಾಠವನ್ನು ಇನ್ನೊಮ್ಮೆ ಮಾಡಲು ಸುಗ್ರಾಬಿಯೇ ಅವರನ್ನು ಕೇಳಿಕೊಂಡು, ತಾನು ಹಿಂದಿನ ಬೆಂಚಿನಲ್ಲಿ ಹೋಗಿ ಕೂತಳು. ಮಾಸ್ತರು ಚಿತ್ರ ಬರೆದು ಹತ್ತೇ ನಿಮಿಷದಲ್ಲಿ ಮುಗಿಸಿದರು. ಅವಳು ಕೈ ಎತ್ತಿ ಚಕ್ಕಡಿಯ ಸಂಗತಿ ಕೇಳಿದಳು.

ಶೇಖಸಾಬರು ಸುಣ್ಣದ ಕಡ್ಡಿಯಿಂದ ಹಲಗೆಯ ಮೇಲೆ ಒಂದು ಗಾಲಿ ಬರೆದರು. "ತೂಕ ಬರೋಬ್ಬರಿ ಗಾಲಿ ಮ್ಯಾಲೇ ಇದ್ರ ನಿಲ್ಲತೈತ್ರಿ. ಆದ್ರ ಕೂದಲೆಳಿಯಷ್ಟು ಆಕಡಿ ಈಕಡಿ ಆದ್ರೂ ಮರಳಿ ಅಲ್ಲಿಗೆ ಬರೂದಿಲ್ಲ. ಎತ್ತು ಉಸಿರಾಡಿದ್ರೂ ಸಾಕು. ಸಣ್ಣಗ ತೂಗಿದಾಗ ಮರಳಿ ಬರೂದು ಸ್ಥಿರ, ಒಂದ ಗಾಲಿ ಮ್ಯಾಲೆ ನಿಂತ ಆ ಗಳಿಗಿ ಅಷ್ಟ ಅಸ್ಥಿರ."

ಕಸ್ತೂರೆವ್ವ ಮುಂದಿನ ಸಾಲಿನಿಂದ ಹಿಂದಕ್ಕೆ ತಿರುಗಿ ಕೇಳಿದಳು. "ತಿಳೀತೇನ್ರಿ ಅಕ್ಕೋರ?"

"ಅರ್ಧ" ಅಂದಳು ಸುಗ್ರಾಬಿ.